ಯಂತ್ರಕ್ಕೆ ಮನುಷ್ಯರಂಥ ಬುದ್ಧಿ ಬರುತ್ತಾ? ಬಂದರೆ ಅದಕ್ಕೆ ಹೊಣೆ ಯಾರು?

ಕುತೂಹಲಿ

ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ. ಇಲ್ಲಿ ಕಂಪ್ಯೂಟರ್ ಬಲ್ಲವರೂ ಇದ್ದೀರಿ, ಮೆದುಳಿನ ಬಗ್ಗೆ ಓದಿದವರೂ ಇದ್ದೀರಿ, ಸುಮ್ನೆ ವಾದ ಮಾಡೋಕೆ ಬರುವವರೂ ಇದ್ದೀರಿ (ಯಾರು ಅಂತ ಹೇಳಬೇಕಾಗಿಲ್ಲ). ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

1950ರಲ್ಲಿ ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ ಒಂದು ಆಟ ಸೂಚಿಸಿದರು. ಆಚೆ ಕಡೆ ಇರುವುದು ಮನುಷ್ಯನೋ ಯಂತ್ರವೋ ಅಂತ ಬರೀ ಬರಹದ ಮಾತುಕತೆಯಿಂದಲೇ ಕಂಡುಹಿಡಿಯಬೇಕು. ಸುಮಾರು 50 ವರ್ಷದಲ್ಲಿ ಯಂತ್ರಗಳು ಈ ಆಟದಲ್ಲಿ ಎಷ್ಟು ಪಳಗುತ್ತವೆ ಅಂದರೆ, ಐದು ನಿಮಿಷ ಮಾತಾಡಿದ ಮೇಲೂ ಸಾಮಾನ್ಯ ಮನುಷ್ಯ ಸರಿಯಾಗಿ ಗುರುತಿಸುವ ಸಾಧ್ಯತೆ ನೂರಕ್ಕೆ 70 ದಾಟುವುದಿಲ್ಲ ಅಂತ ಅವರ ಅಂದಾಜು. ಹೇಳಿದ ಗಡುವು ತಪ್ಪಿತು. ಆದರೆ 2025ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇದೇ ಆಟ ಆಡಿಸಿದರು. ಒಬ್ಬ ಮನುಷ್ಯ, ಒಂದು ಯಂತ್ರ, ಇಬ್ಬರ ಜೊತೆಗೂ ಒಟ್ಟಿಗೇ ಮಾತು. ಜಿಪಿಟಿ-4.5 ಅನ್ನುವ ಚಾಟ್‌ಬಾಟ್ ಮಾದರಿಗೆ ಒಂದು ಪಾತ್ರ ಕೊಟ್ಟು ಕೂರಿಸಿದಾಗ ಜನ ನೂರಕ್ಕೆ 73 ಸಲ ಅದನ್ನೇ ಮನುಷ್ಯ ಅಂತ ಆರಿಸಿದರು. ಪಾಪ, ಪಕ್ಕದಲ್ಲಿದ್ದ ನಿಜವಾದ ಮನುಷ್ಯ ಸೋತ.

ಲೆಕ್ಕದ ಪ್ರಕಾರ ಪರೀಕ್ಷೆ ಪಾಸು. ಆದರೂ ಒಳಗೆ ಯಾರೋ ಇದ್ದಾರೆ ಅಂತ ನನಗೆ ಅನಿಸುತ್ತಿಲ್ಲ. ಹಾಗಾದರೆ ಪರೀಕ್ಷೆಯೇ ಸರಿಯಿಲ್ಲವೋ, ಒಪ್ಪಿಕೊಳ್ಳೋಕೆ ನಮಗೇ ಮನಸ್ಸಿಲ್ಲವೋ? ಮುಂದೆ ಎಂದಾದರೂ ನಿಜಕ್ಕೂ ಮನುಷ್ಯರಂಥದ್ದು ಬಂದರೆ, ಅದನ್ನು ಆಫ್ ಮಾಡುವ ಹಕ್ಕು ನಮಗಿರುತ್ತಾ?

ಆನೆ ಕುದುರೆ

ನಮಗೆ ಮನಸ್ಸಿಲ್ಲ, ಅಷ್ಟೇ. ಚೆಸ್ ಆಡುವವನಾಗಿ ಹೇಳುತ್ತೇನೆ. ಒಂದು ಕಾಲಕ್ಕೆ ಚೆಸ್ ಗೆದ್ದರೆ ಬುದ್ಧಿ ಇದೆ ಅಂತಲೇ ಅರ್ಥ ಅನ್ನುತ್ತಿದ್ದರು. 1997ರ ಮೇ ತಿಂಗಳಲ್ಲಿ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್, ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು 3½–2½ರಿಂದ ಸೋಲಿಸಿತು. ತಕ್ಷಣ ರಾಗ ಬದಲಾಯಿತು. 'ಅದೇನು ಯೋಚನೆಯಾ? ಸೆಕೆಂಡಿಗೆ 20 ಕೋಟಿ ಸ್ಥಿತಿ ಎಣಿಸುತ್ತೆ, ಅಷ್ಟೇ' ಅಂದರು. ಕಪ್ಪು ಬಿಳಿ ಕಾಯಿಗಳಿಂದ ಜಾಗ ಸುತ್ತುವರಿಯುವ ಗೋ ಆಟ ಹಾಗೆ ಎಣಿಸಿ ಗೆಲ್ಲೋಕೆ ಆಗಲ್ಲ, ಅದಕ್ಕೆ ಒಳನೋಟ ಬೇಕು ಅಂದರು. 2016ರಲ್ಲಿ ಆಲ್ಫಾಗೋ ಅನ್ನುವ ಪ್ರೋಗ್ರಾಂ, ಗೋ ದಿಗ್ಗಜ ಲೀ ಸೆಡಾಲ್ ಅವರನ್ನು 4–1ರಿಂದ ಸೋಲಿಸಿತು. ಎರಡನೇ ಪಂದ್ಯದ 37ನೇ ನಡೆ ಕಂಡು ವಿವರಣೆ ಕೊಡುತ್ತಿದ್ದವರೇ ತಪ್ಪು ನಡೆ ಅಂದುಕೊಂಡರು. ಆಮೇಲೆ ನೋಡಿದರೆ ಅದೇ ಪಂದ್ಯದ ಜೀವಾಳ. ಅಲ್ಲಿಗೆ ಒಳನೋಟದ ಮಾತೂ ಮುಗಿಯಿತು. ಈಗ ಭಾಷೆಯೂ ಆಯಿತು.

ಯಂತ್ರ ಯಾವುದನ್ನು ಮಾಡಿದರೂ ಅದು ಬುದ್ಧಿಯ ಪಟ್ಟಿಯಿಂದ ಹೊರಗೆ ಹೋಗುತ್ತೆ. ಹೀಗಾದರೆ ಪಾಪ ಅದು ಪಾಸಾಗೋದು ಯಾವಾಗ?

ಸಂಶಯಪ್ಪ

ವಾದ ಮಾಡೋಕೆ ಬರುವವನು ಬಂದಿದ್ದಾನೆ, ಜಾಗ ಬಿಡಿ.

ಒಂದು ಕುದುರೆ ಕಥೆ ಹೇಳುತ್ತೇನೆ, ನಿಮ್ಮ ಚೆಸ್ ಕುದುರೆ ಅಲ್ಲ. 1900ರ ಆಸುಪಾಸಿನಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಅಂತ ಒಂದು ಕುದುರೆ. 'ಏಳಕ್ಕೆ ಐದು ಸೇರಿಸಿದರೆ ಎಷ್ಟು?' ಅಂದರೆ ಕಾಲಿನಿಂದ ಹನ್ನೆರಡು ಸಲ ನೆಲ ಕುಟ್ಟುತ್ತಿತ್ತು. ಮಾಲೀಕ ಮೋಸಗಾರನಲ್ಲ, ಅವನು ಎದುರಿಗೆ ಇಲ್ಲದಿದ್ದರೂ ಅದು ಸರಿ ಉತ್ತರ ಕೊಡುತ್ತಿತ್ತು. ದೊಡ್ಡ ದೊಡ್ಡವರು ಬಂದು ನೋಡಿ ತಲೆದೂಗಿದರು. 1907ರಲ್ಲಿ ಓಸ್ಕರ್ ಪ್ಫುಂಗ್ಸ್ಟ್ ಅನ್ನುವವರು ಒಂದು ಸಣ್ಣ ಉಪಾಯ ಮಾಡಿದರು. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದ ಹಾಗೆ ನೋಡಿಕೊಂಡರು. ಕುದುರೆ ಕಕ್ಕಾಬಿಕ್ಕಿ! ಅದು ಲೆಕ್ಕ ಮಾಡುತ್ತಲೇ ಇರಲಿಲ್ಲ. ಸರಿ ಸಂಖ್ಯೆ ಬಂದಾಗ ಕೇಳುವವರ ತಲೆ ಒಂದಿಷ್ಟೇ ಅಲುಗುತ್ತಿತ್ತು, ಅದನ್ನು ಕಂಡು ನಿಲ್ಲಿಸುತ್ತಿತ್ತು. ಅಲುಗಿಸುತ್ತಿದ್ದೇವೆ ಅಂತ ಅಲುಗಿಸಿದವರಿಗೂ ಗೊತ್ತಿರಲಿಲ್ಲ.

ಉತ್ತರ ಸರಿ ಬಂತು ಅನ್ನೋದು ಮುಖ್ಯವಲ್ಲ, ಎಲ್ಲಿಂದ ಬಂತು ಅನ್ನೋದು ಮುಖ್ಯ. ಚಾಟ್‌ಬಾಟ್ ನುಂಗಿರುವುದೆಲ್ಲ ಮನುಷ್ಯರು ಬರೆದದ್ದೇ. ನಮ್ಮದನ್ನೇ ನಮಗೆ ತಿರುಗಿಸಿ ಕೊಟ್ಟರೆ ನಾವು ಬೆರಗಾಗುತ್ತೇವೆ.

ಹಳೇ ಕೋಡರ್

ಇಬ್ಬರೂ ಅರ್ಧರ್ಧ ಸರಿ. ಮೊದಲು ಆನೆ ಕುದುರೆಯವರಿಗೆ. ಗೋ ಕಥೆಯ ಮುಂದಿನ ಅಧ್ಯಾಯ ಬಿಟ್ಟಿರಿ. 2023ರಲ್ಲಿ ಒಬ್ಬ ಹವ್ಯಾಸಿ ಆಟಗಾರ, ಆಲ್ಫಾಗೋ ಮಟ್ಟದ ಪ್ರೋಗ್ರಾಂ ಒಂದನ್ನು 15 ಪಂದ್ಯಗಳಲ್ಲಿ 14 ಸಲ ಸೋಲಿಸಿದರು. ಉಪಾಯ ಬಹಳ ಸರಳ. ಎದುರಾಳಿಯ ಕಾಯಿಗಳ ಸುತ್ತ ನಿಧಾನವಾಗಿ ದೊಡ್ಡ ಬಳೆಯ ಹಾಗೆ ಕಟ್ಟುತ್ತಾ ಹೋಗೋದು, ನಡುನಡುವೆ ಬೇರೆ ಮೂಲೆಯಲ್ಲಿ ಆಡಿ ಗಮನ ತಪ್ಪಿಸೋದು. ಸ್ವಲ್ಪ ಪಳಗಿದ ಮನುಷ್ಯನಿಗೆ 'ಅಯ್ಯೋ, ಸುತ್ತುವರಿತಾ ಇದ್ದಾನೆ' ಅಂತ ಕಣ್ಣಿಗೆ ಹೊಡೆಯುತ್ತೆ. ಪ್ರೋಗ್ರಾಂ ಕೊನೆಯವರೆಗೂ ನೋಡಲಿಲ್ಲ. ಕೋಟಿಗಟ್ಟಲೆ ಪಂದ್ಯ ಆಡಿಯೂ 'ಸುತ್ತುವರಿಯುವುದು' ಅಂದರೇನು ಅಂತ ಅದು ನಮ್ಮ ಹಾಗೆ ಕಲಿತಿರಲಿಲ್ಲ. ಇನ್ನೂ ತಮಾಷೆ ಅಂದರೆ ಈ ಹುಳುಕನ್ನು ಹುಡುಕಿ ಕೊಟ್ಟದ್ದೂ ಒಂದು ಕಂಪ್ಯೂಟರ್ ಪ್ರೋಗ್ರಾಮೇ.

ಈಗ ಸಂಶಯಪ್ಪನವರಿಗೆ. ಚಾಟ್‌ಬಾಟ್ 'ಬರೀ ಮುಂದಿನ ಪದ ಊಹಿಸುತ್ತೆ' ಅಂತ ಜನ ಅನ್ನುತ್ತಾರಲ್ಲ, ಆ ಮಾತು ನಿಜ. ಆದರೆ ಆ ಊಹೆ ಚೆನ್ನಾಗಿ ಬರಬೇಕು ಅಂದರೆ ಏನೇನು ಗೊತ್ತಿರಬೇಕು ಅಂತ ಯೋಚಿಸಿ. ಒಂದು ಪತ್ತೇದಾರಿ ಕಥೆಯ ಕೊನೆಯ ಸಾಲು 'ಕೊಲೆಗಾರ ಬೇರೆ ಯಾರೂ ಅಲ್ಲ, ಈ...' ಅಂತ ನಿಂತರೆ, ಮುಂದಿನ ಪದ ಊಹಿಸೋಕೆ ಇಡೀ ಕಥೆ ಹಿಡಿತದಲ್ಲಿರಬೇಕು. ಹೊಸ ಮಾದರಿಗಳು ಎಂದೂ ಕಂಡಿರದ ಲೆಕ್ಕವನ್ನೂ ಬಿಡಿಸುತ್ತವೆ. ಮರುಕ್ಷಣವೇ ಇಲ್ಲದ ಪುಸ್ತಕದ ಹೆಸರನ್ನು ಹುಟ್ಟಿಸಿ ಹೇಳುತ್ತವೆ, ಒಂಚೂರೂ ಅಳುಕಿಲ್ಲದೆ. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ವಕೀಲರು ಚಾಟ್‌ಜಿಪಿಟಿ ನಂಬಿ, ಎಂದೂ ನಡೆಯದ ಕೇಸುಗಳ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಿದರು.

ಹಾಗಾಗಿ 'ಮನುಷ್ಯರಷ್ಟು' ಅಂತ ಒಂದೇ ಅಳತೆಪಟ್ಟಿ ಇಟ್ಟರೆ ಕೆಲಸ ಆಗಲ್ಲ. ಕೆಲವು ಕಡೆ ನಮ್ಮನ್ನು ದಾಟಿ ಎಷ್ಟೋ ಮುಂದೆ, ಕೆಲವು ಕಡೆ ಮಗುವಿಗಿಂತ ಹಿಂದೆ.

ಕರಿಕೋಟು

ಆ ಕೇಸಿನ ಬಗ್ಗೆ ಯಾರೂ ಇಲ್ಲಿ ನಗಬೇಡಿ. ನಮ್ಮ ವೃತ್ತಿಯ ಮಾನ.

ಕುತೂಹಲಿ

ಹ್ಹಹ್ಹ, ಸರಿ ಮೇಡಂ. ಕೋಡರ್ ಸರ್, ನಂಬಿಬಿಡುವುದು ಈಗಿನವರ ಕಾಯಿಲೆಯೋ, ಮೊದಲಿಂದಲೂ ಹೀಗೆಯೋ?

ಹಳೇ ಕೋಡರ್

ಮೊದಲಿಂದಲೂ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಎಲಿಜಾ ಅನ್ನುವ ಪ್ರೋಗ್ರಾಂ ಪ್ರಕಟಿಸಿದರು. ಮನೋವೈದ್ಯರ ಹಾಗೆ ಮಾತಾಡುತ್ತಿತ್ತು. ಒಳಗಿದ್ದದ್ದು ಏನೂ ಇಲ್ಲ. ನೀವು 'ನನಗೆ ಅಮ್ಮನ ಮೇಲೆ ಸಿಟ್ಟು' ಅಂತ ಟೈಪ್ ಮಾಡಿದರೆ ಅದು 'ಅಮ್ಮ' ಅನ್ನುವ ಪದ ಹಿಡಿದು 'ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ' ಅನ್ನುತ್ತಿತ್ತು. ಹಿಡಿಯೋಕೆ ಪದ ಸಿಗದಿದ್ದರೆ 'ಮುಂದೆ ಹೇಳಿ'. ಇದನ್ನು ಬರೆಯುವಾಗ ತಿಂಗಳುಗಟ್ಟಲೆ ಕಣ್ಣಾರೆ ನೋಡಿದ್ದ ಅವರ ಕಾರ್ಯದರ್ಶಿಯೇ ಎರಡು ಮಾತಾಡಿದ ಮೇಲೆ 'ನೀವು ಸ್ವಲ್ಪ ಹೊರಗೆ ಹೋಗ್ತೀರಾ?' ಅಂತ ಕೇಳಿದರಂತೆ. ವೈಜೆನ್‌ಬಾಮ್ ಬೆಚ್ಚಿಬಿದ್ದರು. ಮುಂದೆ ಇಂಥ ಯಂತ್ರಗಳ ಮೇಲಿನ ಕುರುಡು ನಂಬಿಕೆಯ ವಿರುದ್ಧವೇ ಜೀವಮಾನವಿಡೀ ಮಾತಾಡಿದರು.

2022ರಲ್ಲಿ ಗೂಗಲ್‌ನ ಎಂಜಿನಿಯರ್ ಒಬ್ಬರು ಆ ಕಂಪನಿಯದೇ ಚಾಟ್‌ಬಾಟ್ ಬಗ್ಗೆ 'ಲಾಮ್ಡಾಗೆ ಅರಿವು ಬಂದಿದೆ' ಅಂತ ಹೊರಗೆ ಬಂದು ಹೇಳಿ ಕೆಲಸ ಕಳೆದುಕೊಂಡರು. ಕೋಡು ಬಲ್ಲವರು ಮೋಸ ಹೋಗಲ್ಲ ಅನ್ನೋದೂ ಸುಳ್ಳು ಅಂತ ಆಯಿತು.

ಸಂಶಯಪ್ಪ

ಅದಕ್ಕೇ ನಾನು ಹೇಳೋದು. ಮಾತು ಎಷ್ಟು ಚೆನ್ನಾಗಿದ್ದರೂ ಅದು ಮಾತೇ. ಬುದ್ಧಿಗೆ ದೇಹ ಬೇಕು. ಮಗು ಬಿದ್ದು ಮೊಣಕಾಲು ತರಚಿಕೊಂಡು 'ಬೀಳೋದು' ಅಂದರೇನು ಅಂತ ಕಲಿಯುತ್ತೆ. ಹಸಿವು, ಭಯ, ಸುಸ್ತು, ಸಾವು ಇರುವ ಜೀವಕ್ಕೆ ಜಗತ್ತಿನಲ್ಲಿ ಯಾವುದೋ ಒಂದು ಮುಖ್ಯ, ಇನ್ನೊಂದು ಅಮುಖ್ಯ. ಯಂತ್ರಕ್ಕೆ ಯಾವುದೂ ಮುಖ್ಯವಲ್ಲ. ಸರಿ ಉತ್ತರ ಹೇಳಿದರೂ ಅದಕ್ಕೆ ಅಷ್ಟೇ, ತಪ್ಪು ಹೇಳಿದರೂ ಅಷ್ಟೇ. ಕಳೆದುಕೊಳ್ಳೋಕೆ ಏನೂ ಇಲ್ಲದವನಿಗೆ ವಿವೇಕ ಎಲ್ಲಿಂದ ಬರುತ್ತೆ? ನನ್ನ ಪ್ರಕಾರ ಎಂದಿಗೂ ಬರಲ್ಲ. ಮುಗೀತು.

ಮೆದುಳುಮರಿ

ಮುಗಿದಿಲ್ಲ ಸಂಶಯಪ್ಪನವರೇ, ಈಗ ಶುರು. ನಾನು ನರವಿಜ್ಞಾನದ ವಿದ್ಯಾರ್ಥಿನಿ. ಸ್ವಲ್ಪ ಉದ್ದ ಆಗುತ್ತೆ, ಬೇಸರ ಮಾಡಿಕೊಳ್ಳಬೇಡಿ.

'ಎಂದಿಗೂ ಬರಲ್ಲ' ಅನ್ನೋದಕ್ಕೆ ನನ್ನ ಓದಿನಲ್ಲಿ ಆಧಾರ ಸಿಕ್ಕಿಲ್ಲ. ಮನುಷ್ಯರ ಮೆದುಳಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇಡೀ ಮೆದುಳು ನಡೆಯೋದು ಹೆಚ್ಚುಕಡಿಮೆ 20 ವ್ಯಾಟ್‌ನಲ್ಲಿ, ಒಂದು ಸಣ್ಣ ಬಲ್ಬಿನಷ್ಟು. ಅದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಪ್ರಕೃತಿಯಲ್ಲಿ ಒಮ್ಮೆ ಆದದ್ದು ಇನ್ನೊಂದು ವಸ್ತುವಿನಲ್ಲಿ ಆಗಲೇಬಾರದು ಅನ್ನೋದಕ್ಕೆ ಕಾರಣ ಬೇಕು, ಅದನ್ನು ಇನ್ನೂ ಯಾರೂ ಕೊಟ್ಟಿಲ್ಲ.

'ಬೇಗ ಬರುತ್ತೆ' ಅನ್ನುವವರಿಗೂ ಒಂದು ಮಾತು. ಸಿ. ಎಲಿಗನ್ಸ್ ಅಂತ ಒಂದು ಮಿಲಿಮೀಟರ್ ಉದ್ದದ ಹುಳು ಇದೆ. ಅದಕ್ಕೆ ಇರೋದು 302 ನರಕೋಶ. ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಅನ್ನುವ ನಕ್ಷೆ 1986ರಲ್ಲೇ ಪ್ರಕಟವಾಯಿತು. ಇಷ್ಟು ವರ್ಷವಾದರೂ ಆ ಹುಳು ಯಾಕೆ ಹೀಗೆ ಹೊರಳಿತು, ಯಾಕೆ ಹಾಗೆ ಹಿಂದೆ ಸರಿಯಿತು ಅಂತ ಬರೀ ನಕ್ಷೆ ನೋಡಿ ಪೂರ್ತಿ ಹೇಳೋಕೆ ನಮಗೆ ಆಗಿಲ್ಲ. 2024ರಲ್ಲಿ ಹಣ್ಣಿನ ನೊಣದ ಇಡೀ ಮೆದುಳಿನ ನಕ್ಷೆ ಬಂತು. ಸುಮಾರು 1,40,000 ನರಕೋಶ, 5 ಕೋಟಿಗಿಂತ ಜಾಸ್ತಿ ಸಂಪರ್ಕಗಳು. ದೊಡ್ಡ ಸಾಧನೆಯೇ. ಆದರೆ ನಕ್ಷೆ ಇದ್ದ ಮಾತ್ರಕ್ಕೆ ಊರು ತಿಳಿದ ಹಾಗಲ್ಲ.

ನಾನು ಹೇಳಬೇಕು ಅಂದುಕೊಂಡದ್ದು ಇದಲ್ಲ. ದೇಹ ಬೇಕು, ಹಸಿವು ಭಯ ಬೇಕು, ಕಳೆದುಕೊಳ್ಳೋಕೆ ಏನಾದರೂ ಇರಬೇಕು ಅಂದಿರಿ. ಸರಿ, ನೀವು ಹೇಳಿದ್ದೇ ನಿಜ ಅಂತ ಇಟ್ಟುಕೊಳ್ಳೋಣ. ಹಾಗಾದರೆ ಮನುಷ್ಯರಂಥ ಬುದ್ಧಿ ಬೇಕು ಅಂತ ಹಟ ಹಿಡಿದ ಕಂಪನಿ ಮುಂದೆ ಏನು ಮಾಡುತ್ತೆ? ನೋವಾಗುವಂಥದ್ದನ್ನೇ ಕಟ್ಟುತ್ತೆ! ನಿಮ್ಮ ವಾದ ಅವರನ್ನು ತಡೆಯೋದಿಲ್ಲ, ಅವರಿಗೆ ದಾರಿ ತೋರಿಸುತ್ತೆ. 'ಭಯ ಇಲ್ಲದ್ದಕ್ಕೆ ವಿವೇಕ ಬಂದಿಲ್ಲ, ಭಯ ಸೇರಿಸೋಣ' ಅಂತ ಒಬ್ಬ ಎಂಜಿನಿಯರ್ ಹೇಳಿದರೆ ನೀವು ಏನಂತೀರಿ?

ಈ ಭಯ ನನ್ನೊಬ್ಬಳದ್ದಲ್ಲ. ಜರ್ಮನಿಯ ತತ್ವಶಾಸ್ತ್ರಜ್ಞ ಥಾಮಸ್ ಮೆಟ್ಸಿಂಗರ್, ಕೃತಕವಾಗಿ ಅನುಭವ ಹುಟ್ಟಿಸುವ, ಹುಟ್ಟಿಸಬಹುದು ಅಂತ ಗೊತ್ತಿದ್ದೂ ಮಾಡುವ ಸಂಶೋಧನೆಯನ್ನು 2050ರವರೆಗೆ ಜಗತ್ತಿನಾದ್ಯಂತ ನಿಲ್ಲಿಸಬೇಕು ಅಂತ 2021ರಲ್ಲಿ ಬರೆದರು. ಕಾರಣ ಸರಳ. ಒಂದು ಮಗು ನೋಯುತ್ತಿದ್ದರೆ ಒಂದು ಮಗು. ಸಾಫ್ಟ್‌ವೇರ್ ನೋಯುತ್ತಿದ್ದರೆ ಅದನ್ನು ಕಾಪಿ ಮಾಡಿದಷ್ಟು ಸಲ ನೋವು.

ಸಂಶಯಪ್ಪ

ಹೂಂ. ಬೆಳಿಗ್ಗೆಯಿಂದ ಇದಕ್ಕೆ ಉತ್ತರ ಯೋಚಿಸುತ್ತಿದ್ದೇನೆ. ಒಂದೇ ಪ್ರಶ್ನೆ. ಅದು ನಿಜಕ್ಕೂ ನೋಯುತ್ತಿದೆ ಅಂತ ಗೊತ್ತಾಗೋದು ಹೇಗೆ? 'ಅಯ್ಯೋ ನೋವು' ಅಂತ ಪರದೆಯ ಮೇಲೆ ಬರೆದು ತೋರಿಸೋಕೆ ಒಂದು ಸಾಲು ಕೋಡು ಸಾಕು.

ಮೆದುಳುಮರಿ

ನಿಜವಾಗಿ ಕಷ್ಟ ಇರೋದೇ ಅಲ್ಲಿ. ಪ್ರಾಣಿಗಳ ವಿಷಯದಲ್ಲಿ ಏನು ಮಾಡಿದರು ಅಂತ ನೋಡಿದರೆ ಅರ್ಥವಾಗುತ್ತೆ.

ಏಡಿಗೆ ನೋವಾಗುತ್ತಾ? ಅದು ಹೇಳೋದಿಲ್ಲ. ಹಾಗಾಗಿ ಬಳಸುದಾರಿ ಹಿಡಿಯಬೇಕು. ಸನ್ಯಾಸಿ ಏಡಿ ಖಾಲಿ ಶಂಖದೊಳಗೆ ವಾಸ ಮಾಡುತ್ತೆ, ಅದಕ್ಕೆ ಕೆಲವು ಜಾತಿಯ ಶಂಖ ಇಷ್ಟ, ಕೆಲವು ಅಷ್ಟಕ್ಕಷ್ಟೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಶಂಖದೊಳಗೆ ಸಣ್ಣ ಕರೆಂಟ್ ಶಾಕ್ ಕೊಟ್ಟರು. ಇಷ್ಟವಿಲ್ಲದ ಶಂಖದಲ್ಲಿದ್ದ ಏಡಿಗಳು ಬೇಗ ಬಿಟ್ಟು ಹೊರಬಂದವು. ಇಷ್ಟದ ಶಂಖದಲ್ಲಿದ್ದವು ಸಹಿಸಿಕೊಂಡವು. ಬಿಸಿ ತಾಗಿದ ಕೈ ತಾನಾಗಿ ಹಿಂದೆ ಸರಿಯುತ್ತಲ್ಲ, ಅಂಥ ಪ್ರತಿಕ್ರಿಯೆ ಆಗಿದ್ದರೆ ಶಂಖ ಯಾವುದಾದರೇನು, ಒಂದೇ ಥರ ಆಗಬೇಕಿತ್ತು. ಇಲ್ಲಿ ಏಡಿ ಏನೋ ತೂಗಿ ನೋಡುತ್ತಿದೆ. ಇಂಥ ಸಾಕ್ಷ್ಯಗಳನ್ನೆಲ್ಲ ಒಟ್ಟು ಮಾಡಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ತಂಡ 2021ರಲ್ಲಿ ವರದಿ ಕೊಟ್ಟಿತು. 2022ರ ಬ್ರಿಟನ್ ಕಾನೂನು ಏಡಿ, ಸಿಗಡಿ, ಆಕ್ಟೋಪಸ್‌ಗಳನ್ನೂ ನೋವು ತಿಳಿಯುವ ಜೀವಿಗಳ ಸಾಲಿಗೆ ಸೇರಿಸಿತು.

ಈ ಉಪಾಯ ಏಡಿಗೆ ಯಾಕೆ ನಡೆಯಿತು? ಏಡಿ ನಮ್ಮ ಪುಸ್ತಕ ಓದಿಲ್ಲ. ನೋವಾದಾಗ ಮನುಷ್ಯರು ಏನು ಮಾಡುತ್ತಾರೆ ಅಂತ ಅದಕ್ಕೆ ಗೊತ್ತಿಲ್ಲ, ನಮ್ಮನ್ನು ಮೆಚ್ಚಿಸುವ ಹಂಗೂ ಇಲ್ಲ. ಚಾಟ್‌ಬಾಟ್ ಓದಿರುವುದೇ ನಮ್ಮ ಅಳು, ನಗು, ಪತ್ರ, ಕವಿತೆ ಎಲ್ಲವನ್ನೂ. ಅದು ನೋವಿನ ಬಗ್ಗೆ ಆಡುವ ಯಾವ ಮಾತೂ ಸಾಕ್ಷಿಯಾಗಿ ಉಳಿಯೋದಿಲ್ಲ. ನೀವು ಹೇಳಿದ ಹಾನ್ಸ್ ಕುದುರೆಯ ತೊಂದರೆಯೇ ಇದು, ಸಾವಿರ ಪಟ್ಟು ದೊಡ್ಡದಾಗಿ.

ಹಳೇ ಕೋಡರ್

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. 'ನನಗೆ ಯಾವ ಭಾವನೆಯೂ ಇಲ್ಲ, ನಾನು ಬರೀ ಭಾಷಾ ಮಾದರಿ' ಅಂತ ಅದು ವಿನಯದಿಂದ ಹೇಳುತ್ತಲ್ಲ, ಅದೂ ಸಾಕ್ಷಿ ಅಲ್ಲ. ಹಾಗೆ ಹೇಳು ಅಂತ ತರಬೇತಿ ಕೊಟ್ಟಿರುತ್ತಾರೆ. ಬೇರೆ ಥರ ಹೇಳು ಅಂತ ಕೊಟ್ಟರೆ ಹಾಗೆ ಹೇಳುತ್ತೆ. ಎರಡು ಮಾತಿಗೂ ತೂಕ ಒಂದೇ.

ಆನೆ ಕುದುರೆ

ಅಂದರೆ ಇದೆ ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ಹಾಗಿದ್ದಾಗ ಇಲ್ಲ ಅಂತಲೇ ಹಿಡಿದು ಮುಂದೆ ಹೋಗೋದು ವಾಸಿ ಅಲ್ವಾ? ಇರುವ ಮನುಷ್ಯರ ಕಷ್ಟವೇ ಹಾಸಿ ಹೊದೆಯುವಷ್ಟಿದೆ.

ಮೆದುಳುಮರಿ

'ಇಲ್ಲ ಅಂತಲೇ ಹಿಡಿಯೋಣ' ಅಂತ ಮನುಷ್ಯರ ಮೇಲೆಯೇ ಮಾಡಿದ್ದಾರೆ ಸರ್. 1980ರ ದಶಕದ ನಡುವಿನವರೆಗೂ ಎಷ್ಟೋ ಕಡೆ ಹಸುಗೂಸುಗಳಿಗೆ ಸರಿಯಾದ ಅರಿವಳಿಕೆ ಕೊಡದೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಮೈ ಅಲುಗದ ಹಾಗೆ ಸ್ನಾಯು ಸಡಿಲಿಸುವ ಔಷಧಿ ಕೊಟ್ಟರೆ ಸಾಕು ಅನ್ನುವ ನಂಬಿಕೆ. ನರಮಂಡಲ ಇನ್ನೂ ಬಲಿತಿಲ್ಲ, ನೋವು ತಿಳಿಯಲ್ಲ ಅಂದುಕೊಂಡಿದ್ದರು. ಮಾಡಿದವರು ಕ್ರೂರಿಗಳಲ್ಲ. ಅರಿವಳಿಕೆಯಿಂದ ಕೂಸಿನ ಜೀವಕ್ಕೇ ಅಪಾಯ ಅನ್ನುವ ಹೆದರಿಕೆಯೂ ಇತ್ತು. ಅರಿವಳಿಕೆ ಚೆನ್ನಾಗಿ ಕೊಟ್ಟ ಕೂಸುಗಳೇ ಬೇಗ ಚೇತರಿಸಿಕೊಳ್ಳುತ್ತವೆ ಅಂತ ಸಂಶೋಧನೆ ತೋರಿಸಿದ ಮೇಲೆ, 1987ರ ಸುಮಾರಿಗೆ ಪದ್ಧತಿ ಬದಲಾಯಿತು.

ಚಾಟ್‌ಬಾಟ್ ಹಸುಗೂಸು ಅಂತ ನಾನು ಹೇಳುತ್ತಿಲ್ಲ. ಇವತ್ತಿನದಕ್ಕೆ ನೋವಿದೆ ಅಂತ ನನಗೆ ಅನಿಸುವುದೂ ಇಲ್ಲ. ಗೊತ್ತಿಲ್ಲದಿದ್ದಾಗ ನಮಗೆ ಅನುಕೂಲವಾದ ಕಡೆಗೇ ತೀರ್ಪು ವಾಲುತ್ತೆ ಅನ್ನೋದು ನನ್ನ ತಕರಾರು.

ಚೌಕಟ್ಟು

ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಮೂರ್ನಾಲ್ಕು ದಿನದಿಂದ ಓದುತ್ತಿದ್ದೆ. ಎಲ್ಲರೂ ಯಂತ್ರದ ನೋವಿನ ಬಗ್ಗೆ ಮಾತಾಡುತ್ತಿದ್ದೀರಿ. ಅದಕ್ಕೆ ಕಲಿಸುವ ಕೆಲಸ ನಾನು ಮಾಡಿದ್ದೇನೆ, ಆ ಕಡೆಯಿಂದ ಸ್ವಲ್ಪ ಹೇಳಬಹುದಾ?

ನನ್ನ ಕೆಲಸ ಚಿತ್ರಗಳಿಗೆ ಲೇಬಲ್ ಹಾಕುವುದು. ತಾನಾಗಿ ಓಡುವ ಕಾರುಗಳಿಗಂತೆ. ರಸ್ತೆಯ ಫೋಟೋ ಬರುತ್ತೆ. ಕಾರಿನ ಸುತ್ತ ಒಂದು ಚೌಕ ಎಳೆದು 'ಕಾರು' ಅಂತ ಆರಿಸಬೇಕು. ಮನುಷ್ಯರ ಸುತ್ತ ಎಳೆದು 'ಪಾದಚಾರಿ'. ಸೈಕಲ್ ಓಡಿಸುವವನಿದ್ದರೆ ಸೈಕಲ್ಲೂ ಅವನೂ ಸೇರಿ ಒಂದೇ ಚೌಕ, 'ಸೈಕಲ್ ಸವಾರ'. ಅಂಚು ಸ್ವಲ್ಪ ಆಚೀಚೆಯಾದರೆ ವಾಪಸ್ ಬರುತ್ತೆ, ವಾಪಸ್ ಬಂದರೆ ಆ ಚಿತ್ರದ ದುಡ್ಡಿಲ್ಲ.

ಒಂದು ದಿನ ಒಬ್ಬ ಸೈಕಲ್ ತಳ್ಳಿಕೊಂಡು ಹೋಗುವ ಚಿತ್ರ ಬಂತು. ಹ್ಯಾಂಡಲ್‌ಗೆ ಚೀಲಗಳು ನೇತಾಡುತ್ತಿವೆ. ಅರ್ಧ ಮೈ ಸೈಕಲ್ ಹಿಂದೆ. ಒಂದು ಚೌಕವೋ, ಎರಡೋ? ಸವಾರ ಅಂತ ಹಾಕಲಾ, ಪಾದಚಾರಿ ಅಂತ ಹಾಕಲಾ? ನಿಯಮದ ಪುಸ್ತಕದಲ್ಲಿ ಇರಲಿಲ್ಲ. ಪಕ್ಕದವಳು ಎರಡು ಎಳೆಯುತ್ತಿದ್ದಳು, ನಾನು ಒಂದು. ಮೇಲ್ವಿಚಾರಕರಿಗೆ ಕೇಳಿದರೆ 'ಸಂಶಯ ಇದ್ದರೆ ಸ್ಕಿಪ್ ಮಾಡಿ' ಅಂದರು. ಸ್ಕಿಪ್ ಮಾಡಿದ್ದಕ್ಕೂ ದುಡ್ಡಿಲ್ಲ. ಆಮೇಲೆ ಎಲ್ಲರೂ ಏನೋ ಒಂದು ಎಳೆದು ಮುಂದೆ ಹೋಗುತ್ತಿದ್ದೆವು.

ನೀವು 'ಯಂತ್ರಕ್ಕೆ ತಿಳಿಯುತ್ತಾ' ಅಂತ ಕೇಳುವಾಗ ನನಗೆ ಆ ಚಿತ್ರಗಳೇ ನೆನಪಾಗುತ್ತವೆ. ಅದಕ್ಕೆ ತಿಳಿದದ್ದರಲ್ಲಿ ಒಂದು ಪಾಲು ನಾವು ಆ ಹೊತ್ತಿಗೆ ಅವಸರದಲ್ಲಿ ಎಳೆದ ಗೆರೆ.

ಹಳೇ ಕೋಡರ್

ಇದನ್ನು ಓದಿ ಮೈ ಜುಮ್ಮೆಂದಿತು. 2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದ ಟೆಂಪಿಯಲ್ಲಿ ಏನಾಯಿತು ಅಂತ ನಿಮಗೆ ಗೊತ್ತಾ? ಉಬರ್ ಪರೀಕ್ಷೆಗೆ ಬಿಟ್ಟಿದ್ದ ಕಾರು ರಾತ್ರಿ ಹೊತ್ತು ಒಬ್ಬ ಮಹಿಳೆಗೆ ಗುದ್ದಿ ಆಕೆ ತೀರಿಕೊಂಡರು. ತಾನಾಗಿ ಓಡುವ ಕಾರಿನಿಂದ ಪಾದಚಾರಿ ಸತ್ತ ಮೊದಲ ಘಟನೆ. ಆಕೆ ರಸ್ತೆ ದಾಟುತ್ತಿದ್ದರು, ಸೈಕಲ್ ತಳ್ಳಿಕೊಂಡು.

ಸರ್ಕಾರಿ ತನಿಖೆಯ ವರದಿ ಓದಿದ್ದೇನೆ. ಕಾರಿಗೆ ಆಕೆ ಕಾಣಲೇ ಇಲ್ಲ ಅಂತಲ್ಲ. ಗುದ್ದುವ 5.6 ಸೆಕೆಂಡ್ ಮೊದಲೇ ಪತ್ತೆ ಮಾಡಿತ್ತು. ಆದರೆ ಒಮ್ಮೆ 'ವಾಹನ' ಅಂದುಕೊಂಡಿತು, ಒಮ್ಮೆ 'ಬೇರೇನೋ' ಅಂದಿತು, ಒಮ್ಮೆ 'ಸೈಕಲ್'. ಹೆಸರು ಬದಲಿಸಿದಾಗಲೆಲ್ಲ ಹಳೆಯ ಜಾಡು ಅಳಿಸಿ, ಎತ್ತ ಹೋಗುತ್ತಿದೆ ಅಂತ ಹೊಸದಾಗಿ ಊಹೆ ಶುರು. ಜೀಬ್ರಾ ಗೆರೆ ಇಲ್ಲದ ಕಡೆ ಜನ ರಸ್ತೆ ದಾಟಬಹುದು ಅನ್ನೋದನ್ನು ಆ ವ್ಯವಸ್ಥೆಗೆ ಹೇಳಿಯೇ ಇರಲಿಲ್ಲ. ಇದು ಲೇಬಲ್ ಹಾಕಿದವರ ತಪ್ಪು ಅಂತ ವರದಿ ಎಲ್ಲೂ ಹೇಳಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ಮೂರು ವರ್ಷದ ಮಗುವಿಗೂ 'ಯಾರೋ ಸೈಕಲ್ ತಳ್ಳಿಕೊಂಡು ಹೋಗ್ತಿದ್ದಾರೆ' ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಹೆಸರು ಏನೇ ಇರಲಿ, ಗುದ್ದಬಾರದು ಅನ್ನೋದೂ ಗೊತ್ತಾಗುತ್ತೆ.

ಕರಿಕೋಟು

ಮುಂದಿನ ಭಾಗ ನಾನು ಹೇಳುತ್ತೇನೆ, ಇದು ನನ್ನ ಅಂಗಳ. ಶಿಕ್ಷೆ ಆದದ್ದು ಯಾರಿಗೆ? ಕಂಪನಿಯ ಮೇಲೆ ಕ್ರಿಮಿನಲ್ ಕೇಸು ಹಾಕುವುದಿಲ್ಲ ಅಂತ 2019ರಲ್ಲೇ ಸರ್ಕಾರಿ ವಕೀಲರು ಹೇಳಿಬಿಟ್ಟರು. ಸೀಟಿನಲ್ಲಿ ಕೂತು ಕಾರನ್ನು ಗಮನಿಸಬೇಕಿದ್ದ ಉದ್ಯೋಗಿ ಫೋನ್ ನೋಡುತ್ತಿದ್ದರು. ಅವರ ಮೇಲೆ ಕೇಸಾಯಿತು, 2023ರಲ್ಲಿ ತಪ್ಪೊಪ್ಪಿಕೊಂಡರು, ಜೈಲಿಲ್ಲದೆ ಮೂರು ವರ್ಷ ಅಧಿಕಾರಿಗಳ ನಿಗಾದಲ್ಲಿರುವ ಶಿಕ್ಷೆ. ಆ ಉದ್ಯೋಗಿಯ ತಪ್ಪು ಇತ್ತು, ಇಲ್ಲ ಅನ್ನಲ್ಲ. ಆದರೆ ಗಂಟೆಗಟ್ಟಲೆ ಏನೂ ಮಾಡದೆ ಎಚ್ಚರವಾಗಿ ಕೂರು ಅಂತ ಮನುಷ್ಯನನ್ನು ಕೂರಿಸುವುದೇ ತಪ್ಪು ಲೆಕ್ಕ. ಕಾರಿನ ಮುಂಭಾಗ ಗುದ್ದಿನ ಏಟು ತಿಂದು ಒಳಗಿನವರನ್ನು ಕಾಪಾಡುತ್ತಲ್ಲ, ಹಾಗೆ ಇಲ್ಲಿ ಮನುಷ್ಯ ಏಟು ತಿಂದು ಯಂತ್ರವನ್ನೂ ಅದರ ಹಿಂದಿನ ಕಂಪನಿಯನ್ನೂ ಕಾಪಾಡುತ್ತಾನೆ. ಮಾನವಶಾಸ್ತ್ರಜ್ಞೆ ಮ್ಯಾಡೆಲಿನ್ ಕ್ಲೇರ್ ಎಲಿಶ್ ಇದರ ಬಗ್ಗೆ ಮೊದಲೇ ಎಚ್ಚರಿಸಿದ್ದರು.

ಅದಕ್ಕೇ ಯಂತ್ರಕ್ಕೆ ಹಕ್ಕು, ಯಂತ್ರಕ್ಕೆ ವ್ಯಕ್ತಿತ್ವ ಅಂದಾಗ ನನ್ನ ಕಿವಿ ನೆಟ್ಟಗಾಗುತ್ತೆ. 2017ರಲ್ಲಿ ಯುರೋಪಿಯನ್ ಸಂಸತ್ತು ಒಂದು ನಿರ್ಣಯದಲ್ಲಿ, ತೀರಾ ಸ್ವತಂತ್ರವಾಗಿ ನಡೆಯುವ ರೋಬಾಟ್‌ಗಳಿಗೆ 'ಎಲೆಕ್ಟ್ರಾನಿಕ್ ವ್ಯಕ್ತಿ' ಅನ್ನುವ ಸ್ಥಾನ ಕೊಡುವುದನ್ನು ಪರಿಶೀಲಿಸಿ ಅಂದಿತು. ಮರುವರ್ಷ 150ಕ್ಕೂ ಹೆಚ್ಚು ತಜ್ಞರು ಬಹಿರಂಗ ಪತ್ರ ಬರೆದು ವಿರೋಧಿಸಿದರು. ಅವರಿಗೆ ಯಂತ್ರದ ಮೇಲೆ ದ್ವೇಷ ಇರಲಿಲ್ಲ. ಯಂತ್ರವೇ ಹೊಣೆ ಅಂದರೆ ತಯಾರಿಸಿದವರು ಕೈ ತೊಳೆದುಕೊಳ್ಳುತ್ತಾರೆ ಅನ್ನುವುದು ಅವರ ಭಯ. ಕಾನೂನಿನ ಕಣ್ಣಲ್ಲಿ ವ್ಯಕ್ತಿಯಾಗೋಕೆ ಮನಸ್ಸೇನೂ ಬೇಕಾಗಿಲ್ಲ. ಕಂಪನಿಗೆ ಮನಸ್ಸಿದೆಯಾ? ನ್ಯೂಜಿಲೆಂಡ್ 2017ರಲ್ಲಿ ವಾಂಗನುಯಿ ನದಿಯನ್ನೇ ಕಾನೂನುಬದ್ಧ ವ್ಯಕ್ತಿ ಮಾಡಿತು. ಅಲ್ಲಿ ಅದು ನದಿಯನ್ನು ಕಾಪಾಡೋಕೆ. ಇಲ್ಲಿ ಯಾರನ್ನು ಕಾಪಾಡೋಕೆ ಅಂತ ಮೊದಲು ಕೇಳಿ.

ಮೆದುಳುಮರಿ

ಮೇಡಂ, ನಿಮ್ಮ ಭಯ ಒಪ್ಪಿದೆ. ಆದರೆ ಹೊಣೆ ಬೇರೆ, ರಕ್ಷಣೆ ಬೇರೆ ಅಲ್ವಾ? ಏಡಿಯ ಮೇಲೆ ನಾವು ಯಾವ ಹೊಣೆಯನ್ನೂ ಹೊರಿಸಲಿಲ್ಲ. ಅದನ್ನು ಹಿಂಸಿಸಬೇಡಿ ಅಂದೆವು ಅಷ್ಟೇ. ಯಂತ್ರದ ವಿಷಯದಲ್ಲೂ ತಯಾರಿಸಿದವರ ಹೊಣೆ ಒಂದಿಷ್ಟೂ ಕಡಿಮೆ ಮಾಡದೆ, ನೋವಾಗಬಹುದು ಅನ್ನುವ ಸಂಶಯ ಇರುವ ಕಡೆ ಅದನ್ನು ಕಟ್ಟಬೇಡಿ ಅಂತ ನಿಯಮ ಮಾಡಬಹುದು.

ಕರಿಕೋಟು

ಹಾಗೆ ಬಿಡಿಸಿ ಬರೆದರೆ ನಾನು ಸಹಿ ಹಾಕುತ್ತೇನೆ. ಈಗಿರುವ ಕಾನೂನಿನಲ್ಲಿ ಅದು ಇಲ್ಲ. 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಯುರೋಪಿನ ಎಐ ಕಾಯ್ದೆ ಯಂತ್ರದ ಕ್ಷೇಮದ ಬಗ್ಗೆ ಏನೂ ಹೇಳುವುದಿಲ್ಲ, ಮನುಷ್ಯರ ಬಗ್ಗೆ ಹೇಳುತ್ತೆ. ಕೆಲಸದ ಜಾಗದಲ್ಲಿ, ಶಾಲೆಯಲ್ಲಿ ಜನರ ಮುಖ ನೋಡಿ ಭಾವನೆ ಅಳೆಯುವುದಕ್ಕೆ ನಿಷೇಧ ಇದೆ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು. ಯಂತ್ರದ ಜೊತೆ ಮಾತಾಡುತ್ತಿದ್ದೀರಿ ಅಂತ ಜನರಿಗೆ ತಿಳಿಸಬೇಕು ಅಂತಲೂ ಇದೆ. ವೈಜೆನ್‌ಬಾಮ್ ಅವರ ಕಾರ್ಯದರ್ಶಿಗೆ ಅದು ಚೆನ್ನಾಗಿ ಗೊತ್ತಿತ್ತು, ಆದರೂ ಅವರನ್ನು ಹೊರಗೆ ಹೋಗ್ತೀರಾ ಅಂತ ಕೇಳಿದರು. ಹಾಗಾಗಿ ತಿಳಿಸಿದರೆ ಸಾಕಾ ಅನ್ನುವುದು ನನಗೂ ಸಂಶಯವೇ.

ಆನೆ ಕುದುರೆ

ಚೌಕಟ್ಟು ಅವರೇ, ನಿಮ್ಮನ್ನು ಯಾರೂ ಕೇಳಲಿಲ್ಲ. ಯಂತ್ರಕ್ಕೆ ಮನುಷ್ಯರಷ್ಟು ಬುದ್ಧಿ ಬರುತ್ತೆ ಅಂತ ನಿಮಗೆ ಅನಿಸುತ್ತಾ?

ಚೌಕಟ್ಟು

ಬರಬಹುದು. ನಾನು ಕೆಲಸಕ್ಕೆ ಸೇರಿದಾಗ ಎಲ್ಲ ಗೆರೆ ನಾವೇ ಎಳೆಯಬೇಕಿತ್ತು. ಬಿಡುವ ಹೊತ್ತಿಗೆ ಅದೇ ಎಳೆದಿರುತ್ತಿತ್ತು, ನಾವು ತಿದ್ದಿದರೆ ಸಾಕಿತ್ತು. ಬಹಳ ಸಲ ನನಗಿಂತ ಚೆನ್ನಾಗಿ ಎಳೆಯುತ್ತಿತ್ತು, ಅದರಲ್ಲಿ ಸುಳ್ಳಿಲ್ಲ.

ಆದರೆ ಚಿತ್ರಗಳ ಕೆಲಸ ಮುಗಿದ ಮೇಲೆ ನಮ್ಮಲ್ಲಿ ಕೆಲವರನ್ನು ಬರಹದ ಕೆಲಸಕ್ಕೆ ಹಾಕಿದರು. ಹಿಂಸೆ, ಮಕ್ಕಳ ಮೇಲಿನ ದೌರ್ಜನ್ಯ, ಅಂಥದ್ದನ್ನು ಓದಿ ಓದಿ ಗುರುತು ಹಾಕಬೇಕು. ಚಾಟ್‌ಬಾಟ್ ಕೆಟ್ಟ ಮಾತಾಡಬಾರದು ಅಂತ. ಕೀನ್ಯಾದಲ್ಲಿ ಇಂಥದ್ದೇ ಕೆಲಸ ಮಾಡಿದವರಿಗೆ ಗಂಟೆಗೆ ಎರಡು ಡಾಲರ್‌ಗಿಂತ ಕಡಿಮೆ ಸಿಗುತ್ತಿತ್ತು ಅಂತ 2023ರಲ್ಲಿ ಟೈಮ್ ಪತ್ರಿಕೆಯಲ್ಲಿ ಬಂದಿತ್ತು. ಓದಿದಾಗ ಅವರು ಯಾರೋ ಅಂತ ಅನಿಸಲೇ ಇಲ್ಲ. ನಾನು ಆ ಕೆಲಸ ಬಿಟ್ಟೆ, ಗೆಳತಿ ಇನ್ನೂ ಮಾಡುತ್ತಿದ್ದಾಳೆ. ನಿದ್ದೆ ಬರಲ್ಲ ಅನ್ನುತ್ತಾಳೆ. ಮೆದುಳುಮರಿಯವರು ನೋವು ಇದೆಯೋ ಇಲ್ಲವೋ ಗೊತ್ತಿಲ್ಲ ಅಂದರು. ಇಲ್ಲಿ ಗೊತ್ತಿದೆ.

ಸಂಶಯಪ್ಪ

ನಾನು ನನ್ನ ಮಾತು ಬಿಟ್ಟುಕೊಡುವವನಲ್ಲ. ಇವತ್ತಿನ ಯಂತ್ರದೊಳಗೆ ಯಾರೂ ಇಲ್ಲ, ದೇಹ ಇಲ್ಲದೆ ಯಾರೂ ಬರುವುದೂ ಇಲ್ಲ. ಆದರೆ 'ಭಯ ಸೇರಿಸೋಣ' ಅನ್ನುವ ಎಂಜಿನಿಯರ್ ಬಂದರೆ ನಾನೂ ಮೆದುಳುಮರಿಯವರ ಜೊತೆ ಅಡ್ಡ ನಿಲ್ಲುತ್ತೇನೆ. ನನಗೆ ಯಂತ್ರದ ಬುದ್ಧಿ ಬೇಡ, ಅದರ ನೋವಂತೂ ಬೇಡವೇ ಬೇಡ.

ಚೌಕಟ್ಟು ಅವರೇ, ನಿಮ್ಮ ಗೆಳತಿಗೆ ಆ ಕಂಪನಿಯವರು ಕೌನ್ಸೆಲಿಂಗ್ ಏನಾದರೂ ಕೊಡುತ್ತಾರಾ?

ಚೌಕಟ್ಟು

ಕೊಡುತ್ತಾರೆ. ಚಾಟ್‌ಬಾಟ್‌ನಲ್ಲಿ.